ಎಲ್ಲರೂ ಒಪ್ಪಿದ ನಕ್ಷೆ

ಪ್ರಫುಲ್ಲಾ ನಾಯಕ ಸ್ವೀಡನ್ನಿಗೆ ಬಂದ ಮೇಲೆ ಕಲಿತ ದೊಡ್ಡ ವಿದ್ಯೆಯೆಂದರೆ ಸುಮ್ಮನಿರುವುದು. ಅಂಕೋಲೆಯಲ್ಲಿ ಬೆಳೆಯುವಾಗ ಆ ವಿದ್ಯೆ ಅವಳ ಹತ್ತಿರ ಸುಳಿದಿರಲಿಲ್ಲ. ಮೀನಿನವಳು ಪಾಲು ಹಾಕುವಾಗ ಒಂದು ಬಂಗಡೆ ಕಡಿಮೆ ಬಿದ್ದರೂ ಅಂಗಳದ ಆ ತುದಿಯಿಂದಲೇ ಕೂಗಿ ಹೇಳುವ ಹುಡುಗಿ. ಶಾಲೆಯಲ್ಲಿ ಮಾಸ್ತರರು ಲೆಕ್ಕ ತಪ್ಪಿದರೆ ಕೈ ಎತ್ತುವ ಮೊದಲೇ ಬಾಯಿ ತೆರೆಯುವವಳು. ಇವಳ ಬಾಯಿಗೆ ಬೀಗ ಹಾಕುವವನು ಎಲ್ಲಿ ಸಿಗುತ್ತಾನೋ ಎಂದು ತಾಯಿ ಗೊಣಗುತ್ತಿದ್ದರು. ಗಂಡ ಉಮಾಕಾಂತ, ಪಾಪ, ಆ ಕೆಲಸಕ್ಕೆ ಕೈ ಹಾಕಲೇ ಇಲ್ಲ. ಬೀಗ ಹಾಕಿದ್ದು ಒಂದು ದೇಶ. ಅದೂ ಗದರಿಸಿ ಅಲ್ಲ, ಕಾಫಿ ಕುಡಿಸಿ.

ಅವಳು ಇಲ್ಲಿಗೆ ಬಂದಿದ್ದು ಪಿಎಚ್‌ಡಿಗೆ. ವಿಷಯ ಏನೆಂದು ಕೇಳಿದವರು ಮೊದಲು ನಗುತ್ತಿದ್ದರು: ಮೋರಿ. ಸ್ವೀಡನ್ನಿನ ಕಾಡುಗಳ ತುಂಬ ಮರ ಸಾಗಿಸಲು ಮಾಡಿದ ಜಲ್ಲಿ ರಸ್ತೆಗಳಿವೆ. ಹಳ್ಳದ ನೀರು ಆಚೆ ದಾಟಲಿ ಎಂದು ಆ ರಸ್ತೆಗಳ ಅಡಿಯಲ್ಲಿ ಕೊಳವೆ ಹೂತಿಟ್ಟಿರುತ್ತಾರೆ. ಯಾವಾಗ ಹೂತರು, ಎಷ್ಟು ಅಗಲದ್ದು, ಈಗ ತೆರೆದಿದೆಯೋ ಎಲೆ ಕಡ್ಡಿ ತುಂಬಿ ಕಟ್ಟಿಕೊಂಡಿದೆಯೋ ಎಂಬುದು ಎಷ್ಟೋ ಕಡೆ ಹೂತವನಿಗೂ ನೆನಪಿಲ್ಲ. ಪ್ರಫುಲ್ಲಾ ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು, ಸೊಳ್ಳೆಗಳಿಗೆ ರಕ್ತದಾನ ಮಾಡುತ್ತಾ, ಬೇಸಿಗೆ ಬೇಸಿಗೆಯೂ ಅಂಥ ಮೋರಿಗಳ ಬಾಯಿಗೆ ಟೇಪು ಹಿಡಿದು ಅಳೆದಳು. ಕಟ್ಟಿಕೊಂಡ ಮೋರಿಯ ಮೇಲಿನ ರಸ್ತೆ ನೋಡಲು ಗಟ್ಟಿಯಾಗಿಯೇ ಇರುತ್ತದೆ. ಜೋರು ಮಳೆ ಬಂದ ದಿನ ಒಂದು ಬದಿಯಲ್ಲಿ ನೀರು ನಿಂತು, ಒಳಗಿಂದ ಮಣ್ಣು ಕೊರೆದು, ಕೊನೆಗೆ ರಸ್ತೆಯನ್ನೇ ಎತ್ತಿಕೊಂಡು ಹೋಗುತ್ತದೆ. ಅವಳ ಪ್ರಬಂಧದ ಸಾರ ಇಷ್ಟೇ. ಡಾಕ್ಟರೇಟ್ ಬಂತು, ಊರಲ್ಲಿ ಅವಳ ಅಣ್ಣ ಮೋರಿ ಡಾಕ್ಟರ್ ಎಂದು ಹೆಸರಿಟ್ಟ.

ಆಮೇಲೆ ನಾರ್‌ಶೋಪಿಂಗ್‌ನಲ್ಲಿ ಕೆಲಸ ಸಿಕ್ಕಿತು. ನಕ್ಷೆಗಳ ವ್ಯವಹಾರ ನೋಡುವ ಒಂದು ಕಚೇರಿ. ಉಮಾಕಾಂತನ ಕೆಲಸ ಹೆಲ್ಸಿಂಗ್‌ಬೋರ್ಯ್‌ನಲ್ಲಿ; ಶುಕ್ರವಾರ ಸಂಜೆಯ ರೈಲಿಗೆ ಬಂದು ಭಾನುವಾರ ಹೋಗುತ್ತಿದ್ದ. ಮಕ್ಕಳಿಲ್ಲ. ವಾರದ ಉಳಿದ ದಿನ ಅವಳಿಗೆ ಮನೆಯೆಂದರೆ ಕೆಳಗಿನ ಮಹಡಿಯ ಮೇರಿಯ ಮನೆ.

ಮೇರಿ ಶಿರ್ವದವಳು. ಊರಲ್ಲಿ ನರ್ಸಿಂಗ್ ಓದಿದ್ದಳು. ಆ ಸರ್ಟಿಫಿಕೇಟು ಇಲ್ಲಿ ನಡೆಯದೆ, ಮನೆಮನೆಗೆ ಹೋಗಿ ಮುದುಕರನ್ನು ನೋಡಿಕೊಳ್ಳುವ ಕೆಲಸ ಹಿಡಿದಿದ್ದಳು. ಒಂದು ಖಾಸಗಿ ಸಂಸ್ಥೆ. ಪಕ್ಕದ ಕೊಮ್ಯೂನ್, ಅಂದರೆ ಅಲ್ಲಿನ ಸ್ಥಳೀಯ ಆಡಳಿತ, ಅವರಿಗೆ ಗುತ್ತಿಗೆ ಕೊಟ್ಟಿತ್ತು. ಪುಟ್ಟ ಬಿಳಿ ಕಾರು, ಕಾಡಿನ ನಡುವೆ ದೂರ ದೂರ ಒಂಟಿ ಮನೆಗಳು. ಒಬ್ಬರಿಗೆ ಇನ್ಸುಲಿನ್, ಇನ್ನೊಬ್ಬರಿಗೆ ಸ್ನಾನ, ಮತ್ತೊಬ್ಬರಿಗೆ ಬರೀ ಮಾತು. ಗಂಡ ಜಾನ್ ಒಂದು ಗೋದಾಮಿನಲ್ಲಿ ಲಾರಿಗಳ ಬರುಹೋಗು ನೋಡಿಕೊಳ್ಳುತ್ತಿದ್ದ. ಮಗಳು ರಿಯಾ ನಾಲ್ಕನೆಯ ಕ್ಲಾಸು. ಕನ್ನಡದಲ್ಲಿ ಕೇಳಿದರೆ ಸ್ವೀಡಿಷ್‌ನಲ್ಲಿ ಉತ್ತರ ಕೊಡುವ ಹುಡುಗಿ. ಮೇರಿಗೆ ಪ್ರಫುಲ್ಲಾ ಎಂದರೆ 'ಪ್ರಫುಲ್ಲಕ್ಕ'. ಅವಳ ಅಡುಗೆಮನೆಯಲ್ಲಿ ಮಾತ್ರ ಪ್ರಫುಲ್ಲಾಳ ಹಳೆಯ ಬಾಯಿ ವಾಪಸು ಬರುತ್ತಿತ್ತು. ಅಲ್ಲಿ ಅವಳು ಅಂಕೋಲೆಯವಳಾಗಿ ನಗುತ್ತಿದ್ದಳು, ಬೈಯುತ್ತಿದ್ದಳು, ಮೀನು ಸಾರಿಗೆ ಹುಳಿ ಕಡಿಮೆ ಎನ್ನುತ್ತಿದ್ದಳು.

ಕಚೇರಿಯಲ್ಲಿ ಅವಳನ್ನು ಒಂದು ತಂಡಕ್ಕೆ ಹಾಕಿದರು. ರಸ್ತೆ ಇಲಾಖೆಯವರ ನಕ್ಷೆ ಬೇರೆ, ಕಾಡಿನವರದು ಬೇರೆ, ನೀರಿನವರದು ಬೇರೆ, ಒಂದೊಂದು ಕೊಮ್ಯೂನಿನದೂ ಬೇರೆ. ಒಬ್ಬರ ಸೇತುವೆ ಇನ್ನೊಬ್ಬರ ಕೆರೆಯ ನಡುವೆ ನಿಂತಿರುತ್ತದೆ. ಪ್ರವಾಹ ಎಲ್ಲಿಗೆ ಬಂದೀತು, ಕುಡಿಯುವ ನೀರು ಎಲ್ಲಿಂದ, ಮುಂದಿನ ತಲೆಮಾರಿಗೆ ಕಾಡೆಷ್ಟು ಉಳಿದೀತು ಎಂಬುದನ್ನೆಲ್ಲ ಲೆಕ್ಕ ಹಾಕಬೇಕಾದರೆ ಮೊದಲು ನೆಲ ಯಾವುದು ನೀರು ಯಾವುದು ಎಂಬುದರಲ್ಲಾದರೂ ಎಲ್ಲರೂ ಒಂದೇ ಮಾತು ಆಡಬೇಕಲ್ಲ. ಆ ಒಂದೇ ಮಾತಿಗೆ ಅವರು ಕೋರ್ ಡೇಟಾ ಎಂದು ಹೆಸರಿಟ್ಟಿದ್ದರು: ಎಲ್ಲರೂ ಒಪ್ಪಿ, ಎಲ್ಲರೂ ಬಳಸುವ ಮೂಲ ನಕ್ಷೆ. ಒಳ್ಳೆಯ ಕೆಲಸ. ಆ ಮಾತನ್ನು ಈಗಲೂ ಹೇಳಬೇಕು, ಕೆಲಸ ಒಳ್ಳೆಯದೇ.

ಈ ಎಲ್ಲ ಕಡೆಯವರೂ ಕೂಡಿದ ತಂಡದ ಮುಖ್ಯಸ್ಥೆ ಗುನಿಲ್ಲಾ. ನಿವೃತ್ತಿಗೆ ಹತ್ತಿರವಾದ, ಬೆಳ್ಳಗಿನ ಕೂದಲಿನ, ಯಾರನ್ನೂ ನೋಯಿಸದ ಹೆಂಗಸು. ಅವರ ಪದ್ಧತಿ ಒಂದೇ. ಮೇಜಿನ ಸುತ್ತ ಒಬ್ಬೊಬ್ಬರಾಗಿ ಮಾತಾಡಬೇಕು, ನಡುವೆ ಯಾರೂ ಬಾಯಿ ಹಾಕಬಾರದು. ಸುತ್ತು ಮುಗಿದ ಮೇಲೆ ಗುನಿಲ್ಲಾ ಎಲ್ಲರ ಮಾತನ್ನೂ ಹಿಂಡಿ ಒಂದು ವಾಕ್ಯ ಮಾಡುತ್ತಿದ್ದರು. ಆ ವಾಕ್ಯಕ್ಕೆ ಒಬ್ಬರು ಬೇಡವೆಂದು ತಲೆ ಅಲ್ಲಾಡಿಸಿದರೂ ಅದು ಮುಂದಿನ ಸಲಕ್ಕೆ. ಹಾಗಾಗಿ ಎಷ್ಟು ನೀರು ನಿಂತರೆ ಹೊಂಡ, ಎಷ್ಟಾದರೆ ಕೆರೆ ಎಂದು ತೀರ್ಮಾನಿಸಲು ಒಂದು ಇಡೀ ಚಳಿಗಾಲ ಹೋಯಿತು. ಅಂಕೋಲೆಯಲ್ಲಿ ಹಳ್ಳ, ಹೊಂಡ, ಗುಂಡಿ, ಕೆರೆ ಎಂದು ಎಮ್ಮೆ ಕಾಯುವ ಮಕ್ಕಳು ಕೂಡ ನೋಡಿದೊಡನೆ ಹೇಳುತ್ತಾರೆ ಎಂದುಕೊಂಡು ಪ್ರಫುಲ್ಲಾ ಒಳಗೊಳಗೇ ನಕ್ಕಳು. ಹೊರಗೆ ಹೂಂ ಎಂದು ತಲೆಯಾಡಿಸಿದಳು.

ಮೋರಿಯ ಸರದಿ ಬಂದಾಗ ಅವಳಿಗೆ ನಗು ಬರಲಿಲ್ಲ.

ಅವಳು ಕೇಳಿದ್ದು ತೀರ ಸಣ್ಣದು. ಹಳ್ಳದ ಗೆರೆ ರಸ್ತೆಯ ಗೆರೆಯನ್ನು ದಾಟುವ ಕಡೆಯೆಲ್ಲ ಅಡಿಯಲ್ಲಿ ಏನೋ ಒಂದು ಇರಲೇಬೇಕು. ಅಳೆದ ಮೋರಿಯಾದರೆ ಅದರ ಅಳತೆ ಬರೆಯಿರಿ. ಅಳೆಯದಿದ್ದರೆ ಅಲ್ಲೊಂದು ಬೂದು ಚುಕ್ಕೆ ಇಡಿ. ಇಲ್ಲಿ ಏನಿದೆಯೋ ನಮಗೆ ಗೊತ್ತಿಲ್ಲ ಎಂದು ಅದರ ಅರ್ಥ. ಚುಕ್ಕೆ ಇಡುವ ಕೆಲಸ ಕಂಪ್ಯೂಟರೇ ಮಾಡುತ್ತದೆ.

"ಖಾಲಿ ಬಿಟ್ಟರೆ ನೋಡಿದವರು ಅಲ್ಲಿ ಏನೂ ಇಲ್ಲ ಅಂದುಕೊಳ್ಳುತ್ತಾರೆ," ಎಂದಳು. "ಏನೂ ಇಲ್ಲ ಅನ್ನುವುದೂ ನಮಗೆ ಗೊತ್ತಿಲ್ಲ ಅನ್ನುವುದೂ ಒಂದೇ ಅಲ್ಲ."

ಸುತ್ತು ಶುರುವಾಯಿತು. ಕಾಡಿನವರು, ನಕ್ಷೆ ತುಂಬ ಸಾವಿರಾರು ಬೂದು ಚುಕ್ಕೆ ಎದ್ದು ದಡಾರ ಬಂದ ಮುಖದ ಹಾಗೆ ಕಂಡೀತು ಎಂದರು. ರಸ್ತೆಯವರು, ಕಾಡಿನ ರಸ್ತೆಗಳು ನಮ್ಮವಲ್ಲ ಎಂದರು. ಕೊಮ್ಯೂನುಗಳ ಪರವಾಗಿ ಬಂದವನು ಕೊಂಚ ಹೊತ್ತು ಪೆನ್ನು ತಿರುಗಿಸಿ, ಗೊತ್ತಿಲ್ಲ ಎಂದು ನಾವೇ ಗುರುತು ಹಾಕಿದ ಮೇಲೆ ಹೋಗಿ ನೋಡದೆ ಇರಲು ಆಗುವುದಿಲ್ಲವಲ್ಲ, ಅಷ್ಟು ಜನ ನಮ್ಮಲ್ಲಿಲ್ಲ ಎಂದ. ಅವನೊಬ್ಬನಾದರೂ ಇದ್ದದ್ದು ಇದ್ದಂತೆ ಹೇಳಿದನಲ್ಲ ಎಂದು ಪ್ರಫುಲ್ಲಾಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಗುನಿಲ್ಲಾ ಹಿಂಡಿ ತೆಗೆದ ವಾಕ್ಯ ಹೀಗಿತ್ತು: ಮೂಲ ನಕ್ಷೆಯಲ್ಲಿ ಖಚಿತವಾಗಿ ಗೊತ್ತಿರುವುದು ಮಾತ್ರ ಇರಲಿ, ಗೊತ್ತಿಲ್ಲದ್ದನ್ನು ಎರಡನೆಯ ಹಂತದಲ್ಲಿ ನೋಡೋಣ.

ಪ್ರಫುಲ್ಲಾ ಒಪ್ಪದೆ ತಲೆ ಅಲ್ಲಾಡಿಸಿದಳು. ಅದು ಮುಂದಿನ ಸಲಕ್ಕೆ ಹೋಯಿತು. ಮುಂದಿನ ಸಲವೂ ಅಲ್ಲಾಡಿಸಿದಳು. ಆಗ ಗುನಿಲ್ಲಾ ಒಂದು ದಿನ ಅವಳನ್ನು ಫೀಕಾಕ್ಕೆ ಕರೆದರು. ಫೀಕಾ ಎಂದರೆ ಕಾಫಿ, ದಾಲ್ಚಿನ್ನಿ ಬನ್ನು, ಹವಾಮಾನದ ಮಾತು. ಈ ದೇಶದಲ್ಲಿ ಬೈಯುವುದೂ ಅದರ ನಡುವೆಯೇ.

"ನೀನು ಯಾವತ್ತೂ ಎಷ್ಟು ಮನಸ್ಸಿಟ್ಟು ವಾದಿಸುತ್ತೀಯ," ಎಂದರು ಗುನಿಲ್ಲಾ, ನಗುತ್ತಲೇ. "ನಮ್ಮೆಲ್ಲರಿಗೂ ಅದು ಇಷ್ಟ. ಆದರೆ ಉಳಿದವರಿಗೆ ಸ್ವಲ್ಪ ಆಯಾಸ ಆಗುತ್ತಿದೆಯೇನೋ."

ಇಷ್ಟು ವರ್ಷ ಇಲ್ಲಿದ್ದ ಪ್ರಫುಲ್ಲಾಳಿಗೆ ಆ ಮಾತಿನ ತೂಕ ಗೊತ್ತಿತ್ತು. ಅಂಕೋಲೆಯಲ್ಲಿ ಇದನ್ನೇ ಬಾಯಿ ಮುಚ್ಚು ಎನ್ನುತ್ತಾರೆ. ಅಲ್ಲಿ ಹಾಗೆಂದವರ ಜೊತೆ ಮರುದಿನ ಮತ್ತೆ ಜಗಳವಾಡಬಹುದು. ಬನ್ನು ಕೊಟ್ಟವರ ಜೊತೆ ಹೇಗೆ ಜಗಳವಾಡುವುದು?

ನವೆಂಬರಿನಲ್ಲಿ ಕೊನೆಯ ಸಭೆ. ಒಪ್ಪಂದ ಸಚಿವಾಲಯಕ್ಕೆ ಹೋಗಬೇಕು, ಎರಡು ವರ್ಷದ ದುಡಿಮೆ. ಹೊರಗೆ ಮೊದಲ ಹಿಮ ಬೀಳುತ್ತಿತ್ತು. ಸುತ್ತು ತಿರುಗಿ ಕೊನೆಯದಾಗಿ ಅವಳ ಬಳಿ ಬಂತು. ಎಲ್ಲರೂ ಅವಳನ್ನೇ ನೋಡಿದರು. ಯಾರ ಮುಖದಲ್ಲೂ ಕೋಪವಿರಲಿಲ್ಲ, ಅದೇ ಅವಳಿಗೆ ತಡೆಯಲಾಗಲಿಲ್ಲ. ಒಂದು ದಿನವಾದರೂ ಇವರಲ್ಲಿ ಒಬ್ಬಳಾಗಿ, ಹೊರಗಿನವಳಾಗದೆ ಕೂರಬೇಕೆಂದು ಅವಳಿಗೆ ಆಸೆಯಾಯಿತು. ಎರಡನೆಯ ಹಂತ ಇದ್ದೇ ಇದೆಯಲ್ಲ ಎಂದುಕೊಂಡಳು.

"ಒಪ್ಪಿಗೆ," ಎಂದಳು.

ಚಪ್ಪಾಳೆ ತಟ್ಟಿದರು. ಬಾದಾಮಿ ಹಿಟ್ಟಿನ ಹಸಿರು ಹೊದಿಕೆಯ ಕೇಕು ಬಂತು. ಗುನಿಲ್ಲಾ ಅವಳ ತೋಳು ಮುಟ್ಟಿ ಥ್ಯಾಂಕ್ಸ್ ಹೇಳಿದರು. ಪ್ರಫುಲ್ಲಾ ಒಂದು ತುಂಡು ಕೇಕನ್ನು ಪೇಪರ್ ನ್ಯಾಪ್‌ಕಿನ್ನಿನಲ್ಲಿ ಸುತ್ತಿ ಮೇರಿಗೆ ತಂದಳು. ಏನು ವಿಶೇಷ ಎಂದು ಮೇರಿ ಕೇಳಿದಾಗ, ಎರಡು ವರ್ಷದ ಕೆಲಸ ಮುಗಿಯಿತು ಎಂದಷ್ಟೇ ಹೇಳಿದಳು. ಮೇರಿ ಬೆರಳು ನೆಕ್ಕಿಕೊಳ್ಳುತ್ತಾ ಇಂಥ ಕೆಲಸ ತಿಂಗಳಿಗೊಂದು ಮುಗಿಯಲಿ ಎಂದಳು.

ವಸಂತದಲ್ಲಿ ಹೊಸ ನಕ್ಷೆ ಎಲ್ಲರ ಕೈಗೆ ಬಂತು. ಕಾಡಿನವರ ರಸ್ತೆಗಳು ಮೊದಲ ಬಾರಿಗೆ ಉಳಿದ ರಸ್ತೆಗಳ ಜೊತೆ ಒಂದಾದವು. ಮೇರಿಯ ಸಂಸ್ಥೆಯ ಮೊಬೈಲುಗಳೂ ಅದನ್ನೇ ಓದತೊಡಗಿದವು. ಒಂದು ಸಂಜೆ ಮೇರಿ ಕೆಲಸದಿಂದ ಬಂದು ತನ್ನ ಮನೆಯ ಬಾಗಿಲಲ್ಲೇ ಶೂ ಬಿಚ್ಚುತ್ತಾ ಹೇಳಿದಳು:

"ಪ್ರಫುಲ್ಲಕ್ಕ, ನಿಮ್ಮ ಮ್ಯಾಪಿನಿಂದ ನಮಗೆ ಭಾರೀ ಉಪಕಾರ ಆಯ್ತು. ಮೊದ್ಲು ಆ ಇನ್ಸುಲಿನ್ ಅಜ್ಜಿ ಮನೆಗೆ ಹೈವೇಯಲ್ಲಿ ಸುತ್ತಿ ಹೋಗ್ಬೇಕಿತ್ತು. ಈಗ ಫೋನು ಕಾಡಿನೊಳಗಿಂದ ಶಾರ್ಟ್‌ಕಟ್ ತೋರಿಸ್ತದೆ. ಅರ್ಧಕ್ಕರ್ಧ ದಾರಿ."

ಒಳಗೆ ಚಹಾ ಕುಡಿಯುತ್ತಿದ್ದ ಪ್ರಫುಲ್ಲಾ ಲೋಟ ಕೆಳಗಿಟ್ಟಳು. "ಯಾವ ರಸ್ತೆ?" ಎಂದಳು.

ಮೇರಿ ಫೋನು ತೆಗೆದು ತೋರಿಸಿದಳು. ಸ್ಪ್ರೂಸ್ ಮರಗಳ ಹಸಿರಿನ ನಡುವೆ ಬಿಳಿ ಗೆರೆ. ತಗ್ಗಿನಲ್ಲಿ ಅದನ್ನು ಒಂದು ತೆಳ್ಳನೆಯ ನೀಲಿ ಗೆರೆ ದಾಟುತ್ತಿತ್ತು. ದಾಟುವ ಕಡೆ ಏನೂ ಇರಲಿಲ್ಲ. ಸಪಾಟು, ಚೊಕ್ಕ, ಖಾಲಿ. ಆ ಖಾಲಿಗೆ ಹೂಂ ಎಂದವರಲ್ಲಿ ಪ್ರಫುಲ್ಲಾಳೂ ಒಬ್ಬಳು.

"ಇಲ್ನೋಡು ಮೇರಿ, ಜೋರು ಮಳೆ ಬಂದಾಗ ಈ ದಾರಿ ಬೇಡ. ಹೈವೇಯಲ್ಲೇ ಹೋಗು."

"ಯಾಕೆ? ರೋಡು ಚೆನ್ನಾಗುಂಟು, ನಾನೇ ದಿನಾ ಹೋಗ್ತೇನಲ್ಲ."

"ಅಡಿಯಲ್ಲಿ ಮೋರಿ ಹೇಗಿದೆಯೋ ಯಾರಿಗೂ ಗೊತ್ತಿಲ್ಲ ಮಾರಾಯ್ತಿ. ಅದ್ಕೇ ಹೇಳಿದ್ದು."

"ಆಯ್ತಕ್ಕ," ಎಂದಳು ಮೇರಿ. ಆಮೇಲೆ ಸೊಪ್ಪು ಹೆಚ್ಚುತ್ತಾ, "ಆದ್ರೆ ಫೋನು ಹೇಳಿದ್ದಕ್ಕಿಂತ ಲೇಟಾದ್ರೆ ನಮ್ಮ ಸೂಪರ್‌ವೈಸರ್ ಕೇಳ್ತಾಳೆ. ಆ ಅಜ್ಜಿಯೂ ಪಾಪ, ಊಟ ಎದುರಿಗಿಟ್ಕೊಂಡು ಇಂಜೆಕ್ಷನ್ನಿಗೆ ಕಾಯ್ತಾ ಇರ್ತದೆ," ಎಂದಳು. ಅಷ್ಟರಲ್ಲಿ ರಿಯಾ ಯಾವುದೋ ಈಜಿನ ಪದಕ ಹಿಡಿದುಕೊಂಡು ಬಂದಳು, ಮಾತು ಅತ್ತ ಹೋಯಿತು.

ಪ್ರಫುಲ್ಲಾ ಮರುದಿನವೇ ಗುನಿಲ್ಲಾ ಅವರನ್ನು ಕಂಡು, ಎರಡನೆಯ ಹಂತವನ್ನು ಈಗಲೇ ಶುರುಮಾಡಬಹುದೇ ಎಂದು ಕೇಳಿದಳು. ಶರತ್ಕಾಲಕ್ಕೆ ಎಂದು ಎಲ್ಲರೂ ಒಪ್ಪಿದ್ದೇವಲ್ಲ ಎಂದರು ಗುನಿಲ್ಲಾ. ಹಾಗಾದರೆ ನಾನೇ ಹೋಗಿ ಆ ಒಂದು ಮೋರಿ ನೋಡಿ ಬರುತ್ತೇನೆ ಎಂದುಕೊಂಡಳು. ರಬ್ಬರ್ ಬೂಟು ಹುಡುಕಿ ಕಾರಿನ ಡಿಕ್ಕಿಯಲ್ಲಿಟ್ಟಳು. ಆ ಶನಿವಾರ ಉಮಾಕಾಂತನಿಗೆ ಜ್ವರ. ಮುಂದಿನ ವಾರ ಮಿಡ್‌ಸಮ್ಮರ್ ಹಬ್ಬ. ಆಮೇಲೆ ಜುಲೈ, ಇಡೀ ದೇಶ ರಜೆಗೆ ಹೋಗುವ ತಿಂಗಳು, ಗಂಡ ಹೆಂಡತಿಯೂ ಹೋದರು. ಬೂಟು ಡಿಕ್ಕಿಯಲ್ಲೇ ಉಳಿಯಿತು. ಆ ಬೇಸಿಗೆ ಮಳೆಯೂ ಬರಲಿಲ್ಲ. ಮಳೆ ಬಾರದಿದ್ದರೆ ಮೋರಿಯ ನೆನಪು ಯಾರಿಗೆ ಬರುತ್ತದೆ? ಜಗತ್ತಿಗೆಲ್ಲ ಪಾಠ ಹೇಳಿದ ಮೋರಿ ಡಾಕ್ಟರಿಗೇ ಬರಲಿಲ್ಲ.

ಆಗಸ್ಟಿನಲ್ಲಿ ಮಳೆ ಬಂತು. ಒಂದು ದಿನ ಬೆಳಗ್ಗಿನಿಂದಲೇ ಆಕಾಶ ತೂತಾದಂತೆ ಸುರಿಯಿತು. ಕಚೇರಿಯ ಕಿಟಕಿಯಿಂದ ನೋಡಿದರೆ ಎದುರಿನ ಹಳೆಯ ಗಿರಣಿಗಳೂ ಕಾಣುತ್ತಿರಲಿಲ್ಲ, ಹಳದಿ ಟ್ರಾಮುಗಳು ನೀರಿನಲ್ಲೇ ನಿಂತಿದ್ದವು. ಪ್ರಫುಲ್ಲಾ ಮೇರಿಗೆ ಫೋನು ಮಾಡಿದಳು, ಎತ್ತಲಿಲ್ಲ. ಹೈವೇಯಲ್ಲೇ ಹೋಗು ಎಂದು ಮೆಸೇಜು ಹಾಕಿದಳು. ಕೆಲಸದ ಹೊತ್ತಿನಲ್ಲಿ ಮೇರಿಯ ಸ್ವಂತ ಫೋನು ಬ್ಯಾಗಿನೊಳಗಿರುತ್ತದೆಂದು ಗೊತ್ತಿದ್ದೂ ಹಾಕಿದಳು. ಕೈಯಲ್ಲಿರುವುದು ಸಂಸ್ಥೆಯ ಫೋನು. ಅದು ದಾರಿಯನ್ನು ಮಾತ್ರ ತೋರಿಸುತ್ತದೆ.

ಮೇರಿ ಮೊದಲ ಎರಡು ಮನೆ ಮುಗಿಸಿ ಅಜ್ಜಿಯ ಮನೆಗೆ ಹೊರಟಿದ್ದಳು. ಹೈವೇಯಲ್ಲಿ ನೀರು ನಿಂತು ವಾಹನಗಳು ಸಾಲುಗಟ್ಟಿದ್ದವು. ಫೋನು ಕಾಡಿನ ದಾರಿ ಹೇಳಿತು. ತಗ್ಗಿನಲ್ಲಿ ಹಳ್ಳ ಒಂದು ಬದಿಗೆ ಕೆರೆಯಾಗಿ ನಿಂತಿತ್ತೆಂದೂ, ಕಾರು ಮೇಲೆ ಬಂದಾಗಲೇ ರಸ್ತೆ ಕುಸಿಯಿತೆಂದೂ ಆಮೇಲೆ ಪೊಲೀಸರು ಹೇಳಿದರು. ಬಿಳಿ ಕಾರು ಸಿಕ್ಕಿದ್ದು ಕೆಳಗೆ, ಬರ್ಚ್ ಮರಗಳಿಗೆ ಆತುಕೊಂಡು, ಮಧ್ಯಾಹ್ನ ಕಳೆದ ಮೇಲೆ. ಮೇರಿ ಒಳಗೇ ಇದ್ದಳು. ಸೀಟ್‌ಬೆಲ್ಟು ಹಾಕಿಯೇ ಇತ್ತು.

ಅಜ್ಜಿ ಊಟದ ತಟ್ಟೆ ಎದುರಿಗಿಟ್ಟುಕೊಂಡು ಸಂಜೆಯವರೆಗೂ ಕಾದಿದ್ದಳಂತೆ.

ನಮ್ಮ ಕಡೆ ಸಾವು ಬಂದ ಮನೆಯಲ್ಲಿ ಮರುದಿನದೊಳಗೆ ಎಲ್ಲ ಮುಗಿಯುತ್ತದೆ. ಇಲ್ಲಿ ಹಾಗಲ್ಲ. ಹೆಣ ಆಸ್ಪತ್ರೆಯ ತಣ್ಣನೆ ಕೋಣೆಯಲ್ಲಿ ಉಳಿಯುತ್ತದೆ. ಇಗರ್ಜಿಯ ದಿನ, ಪಾದ್ರಿಯ ದಿನ, ಮಣ್ಣು ತೆಗೆಯುವವರ ದಿನ ಎಲ್ಲ ಕೂಡಿ ಬರುವಾಗ ವಾರಗಳು ಕಳೆಯುತ್ತವೆ. ಆ ವಾರಗಳಲ್ಲಿ ಜಾನ್ ಹುಚ್ಚನಂತಾದ. ಶಿರ್ವದಿಂದ ಮೇರಿಯ ತಾಯಿ ದಿನಾ ವಿಡಿಯೋದಲ್ಲಿ ಬಂದು ಒಂದೇ ಮಾತು ಕೇಳುತ್ತಿದ್ದರು, ಮಗಳನ್ನು ಇನ್ನೂ ಮಣ್ಣಿಗೆ ಹಾಕಲಿಲ್ಲವಾ ಎಂದು. ಪ್ರಫುಲ್ಲಾ ಮೇರಿಯ ಅಡುಗೆಮನೆಯಲ್ಲಿ ಗಂಜಿ ಬೇಯಿಸಿದಳು, ರಿಯಾಳ ಜಡೆ ಹಾಕಿದಳು. ರಿಯಾ ಅಳುತ್ತಿರಲಿಲ್ಲ. ಅಮ್ಮ ಯಾವಾಗ ಸಿಗುತ್ತಾಳೆ ಎಂದು ಸ್ವೀಡಿಷ್‌ನಲ್ಲಿ ಒಮ್ಮೆ ಕೇಳಿದಳು. ಪ್ರಫುಲ್ಲಾ ಅರ್ಧ ಹಾಕಿದ ಜಡೆ ಬಿಚ್ಚಿ ಮತ್ತೆ ಮೊದಲಿನಿಂದ ಹೆಣೆದಳು. ಇಡೀ ದಿನ ಅವಳ ಕಿವಿಯಲ್ಲಿ ತಾನಾಡಿದ ಒಂದೇ ಪದ ಕೇಳುತ್ತಿತ್ತು, ಒಪ್ಪಿಗೆ.

ಮಣ್ಣು ಮಾಡಿ ಬಂದ ದಿನ ಇಗರ್ಜಿಯ ಪಕ್ಕದ ಹಾಲಿನಲ್ಲಿ ಕಾಫಿ ಇತ್ತು. ಜನ ಚದುರಿದ ಮೇಲೆ ಜಾನ್ ಅವಳ ಪಕ್ಕ ಬಂದು ಕೂತ. ಕೋಟು ಬಾಡಿಗೆಯದು, ತೋಳು ಉದ್ದವಾಗಿತ್ತು.

"ಅಕ್ಕ, ಒಂದು ಕೇಳ್ಬೇಕಿತ್ತು. ಆ ಫೋನಿನ ಮ್ಯಾಪು ನಿಮ್ಮ ಆಫೀಸಿಂದೇ ಅಲ್ವಾ?"

"ಹೌದು."

"ಅದು ಸರಿ ಇತ್ತಾ?"

ಮಳೆ ಬಂದರೆ ಆ ದಾರಿ ಬೇಡ ಎಂದು ನಾನು ಹೇಳಿದ್ದೆ ಜಾನ್ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಅದು ನಿಜವೂ ಆಗಿತ್ತು. ಆದರೆ ಆ ಮಾತು ಹೊರಗೆ ಬಿದ್ದರೆ ತಪ್ಪು ಹೋಗಿ ಕೂರುವುದು ಮಣ್ಣಿನಡಿಯ ಮೇರಿಯ ಮೇಲೆ. ಪ್ರಫುಲ್ಲಾ ಅದನ್ನು ನುಂಗಿಕೊಂಡಳು. ಸುಮ್ಮನಿರುವ ವಿದ್ಯೆ ಅವಳಿಗೆ ಪ್ರಯೋಜನಕ್ಕೆ ಬಂದದ್ದು ಅದೊಂದೇ ಸಲ.

"ಇರ್ಲಿಲ್ಲ," ಎಂದಳು.

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು ಜಾನ್."

ಆಮೇಲೆ ಎಲ್ಲವನ್ನೂ ಹೇಳಿದಳು. ಬೂದು ಚುಕ್ಕೆ, ಮೇಜಿನ ಸುತ್ತಿನ ಮಾತು, ಬನ್ನು, ಒಪ್ಪಿಗೆ, ಅವರ ಮನೆಗೇ ತಂದುಕೊಟ್ಟ ಹಸಿರು ಕೇಕು. ಜಾನ್ ಮಧ್ಯೆ ಬಾಯಿ ಹಾಕದೆ ಕೇಳಿದ.

"ಅಂದ್ರೆ ಎಲ್ರೂ ಒಪ್ಕೊಂಡ್ರಾ?"

"ಎಲ್ರೂ. ನಾನೂ."

"ಹಾಗಾದ್ರೆ ನಾನೀಗ ಯಾರ ಹತ್ರ ಹೋಗಿ ಜಗಳ ಆಡುದು?"

"ನನ್ನ ಹತ್ರ ಆಡಿ."

ಜಾನ್ ಕೋಟಿನ ಉದ್ದ ತೋಳನ್ನು ಮಡಚಿದ, ಬಿಚ್ಚಿದ. "ನಿಮ್ಮ ಹತ್ರ ಆಗುದಿಲ್ಲ ಅಕ್ಕ," ಎಂದ. "ಸಂಜೆ ರಿಯಾಗೆ ಊಟ ಹಾಕುವವರು ನೀವೇ ಅಲ್ವಾ." ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಆ ಉಪಕಾರವನ್ನೂ ಅವನು ಮಾಡಲಿಲ್ಲ.

ಸೆಪ್ಟೆಂಬರಿನಲ್ಲಿ ಎರಡನೆಯ ಹಂತದ ಸಭೆ ಕೂಡಿತು. ಗುನಿಲ್ಲಾ ಮೇರಿಗಾಗಿ ಎಲ್ಲರನ್ನೂ ಒಂದು ನಿಮಿಷ ಮೌನವಾಗಿ ನಿಲ್ಲಿಸಿದರು. ಅವರ ಕಣ್ಣು ನಿಜವಾಗಿಯೂ ಕೆಂಪಾಗಿತ್ತು. ಕೆಟ್ಟವರಾಗಿದ್ದರೆ ದ್ವೇಷಿಸಬಹುದಿತ್ತು ಎಂದು ಪ್ರಫುಲ್ಲಾಳಿಗೆ ಅನಿಸಿತು. ಮತ್ತೆ ಮೇಜಿನ ಸುತ್ತ ಮಾತು ಹೊರಟಿತು. ಬೂದು ಚುಕ್ಕೆ ಬಹಳ ಮುಖ್ಯ ಎಂದರು ಕಾಡಿನವರು. ನಮ್ಮ ಅಭ್ಯಂತರ ಯಾವತ್ತೂ ಇರಲಿಲ್ಲ ಎಂದರು ರಸ್ತೆಯವರು. ಕೊಮ್ಯೂನಿನವನು ಪೆನ್ನು ತಿರುಗಿಸಲಿಲ್ಲ, ತಲೆ ಎತ್ತಲೂ ಇಲ್ಲ. ಒಪ್ಪಿಗೆ ಎಂದು ಮೆಲ್ಲಗೆ ಹೇಳಿದ. ಒಂದು ಇಡೀ ಚಳಿಗಾಲ ಕೆರೆಗೂ ಹೊಂಡಕ್ಕೂ ಗೆರೆ ಎಳೆಯುತ್ತಾ ಕೂತವರು ಇದನ್ನು ಮಧ್ಯಾಹ್ನದ ಊಟದೊಳಗೆ ಮುಗಿಸಿದರು.

ಸರದಿ ಕೊನೆಗೆ ಪ್ರಫುಲ್ಲಾಳಿಗೆ ಬಂತು.

"ಹೋದ ವರ್ಷ ನಾವು ತಪ್ಪು ಮಾಡಿದೆವು ಎಂದು ಒಪ್ಪಂದದಲ್ಲಿ ಬರೆಯಬೇಕು," ಎಂದಳು. "ನನ್ನ ಹೆಸರನ್ನೂ ಸೇರಿಸಿ."

ಗುನಿಲ್ಲಾ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. "ಆಗ ನಮ್ಮ ಬಳಿ ಇದ್ದ ತಿಳಿವಳಿಕೆಯ ಮೇಲೆ ಎಲ್ಲರೂ ಸೇರಿ ತೀರ್ಮಾನ ಮಾಡಿದೆವು," ಎಂದರು. "ಯಾರೊಬ್ಬರ ಮೇಲೂ ಹೊರಿಸುವುದು ಬೇಡ. ನಿನ್ನ ಮೇಲಂತೂ ಬೇಡ."

"ನನಗೆ ತಿಳಿವಳಿಕೆ ಇತ್ತು. ನಾನು ಹೇಳಿದ್ದೆ. ನೀವೆಲ್ಲ ಕೇಳಿಸಿಕೊಂಡಿದ್ದಿರಿ."

ಅವಳ ದನಿ ಅಂಕೋಲೆಯ ಅಂಗಳದ ದನಿಯಷ್ಟು ಏರಿತ್ತು. ಆ ಕೋಣೆಯಲ್ಲಿ ಅಂಥ ದನಿ ಹಿಂದೆಂದೂ ಕೇಳಿದ್ದಿಲ್ಲ. ಕಾಡಿನವರು ನೀರು ಕುಡಿದರು, ರಸ್ತೆಯವರು ಕಿಟಕಿ ನೋಡಿದರು. ಸ್ವಲ್ಪ ಹೊತ್ತಿನ ಮೇಲೆ ಗುನಿಲ್ಲಾ, ಅವಳಿಗೆ ಕೆಲವು ವಾರ ರಜೆ ಬೇಕೇನೋ ಎಂದು ಬಹಳ ಪ್ರೀತಿಯಿಂದ ಕೇಳಿದರು. ತಪ್ಪಿನ ಮಾತು ಮುಂದಿನ ಸಲಕ್ಕೆ ಹೋಯಿತು. ಮುಂದಿನ ಸಲ ಅದು ಬೇರೆ ಯಾರ ಬಾಯಿಗೂ ಬರಲಿಲ್ಲ. ಪ್ರಫುಲ್ಲಾ ಎತ್ತಿದಾಗ ಉಳಿದವರೆಲ್ಲ ಅವಳ ದುಃಖಕ್ಕೆ ಮರುಗಿ ತಲೆಯಾಡಿಸಿದರು.

ಮರುವರ್ಷ ಹಿಮ ಕರಗುವ ಹೊತ್ತಿಗೆ ಬೂದು ಚುಕ್ಕೆಗಳು ಬಂದವು. ಇಡೀ ದೇಶದ ತುಂಬ. ಫೋನುಗಳು ಈಗ ಮಳೆಯ ದಿನ ಅಂಥ ದಾರಿ ಬಿಟ್ಟು ಬೇರೆ ದಾರಿ ಹೇಳುತ್ತವೆ. ಪತ್ರಿಕೆಯವರು ಬರೆದರು, ಹೊರದೇಶಗಳಿಂದ ನೋಡಲು ಜನ ಬಂದರು. ಗುನಿಲ್ಲಾ ನಿವೃತ್ತರಾಗುವ ದಿನ ಭಾಷಣದಲ್ಲಿ ಪ್ರಫುಲ್ಲಾಳ ಹೆಸರನ್ನು ಎರಡು ಸಲ ಹೇಳಿದರು. ಮತ್ತೆ ಹಸಿರು ಕೇಕು ಬಂತು. ಅವಳು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು, ಕೇಕು ಮುಗಿಯುವವರೆಗೆ ಅಲ್ಲೇ ನಿಂತಿದ್ದಳು.

ಜಾನ್ ಪತ್ರಿಕೆ ಓದಿದ್ದ. ಒಂದು ಭಾನುವಾರ ಇಗರ್ಜಿಯ ಪೂಜೆ ಮುಗಿಸಿಕೊಂಡು ರಿಯಾಳ ಜೊತೆ ಮೇಲೆ ಬಂದ. ಉಮಾಕಾಂತ ರಿಯಾಳಿಗೆ ದೋಸೆ ಹಾಕಿಕೊಡಲು ಅಡುಗೆಮನೆಗೆ ಕರೆದುಕೊಂಡು ಹೋದ.

"ಅಕ್ಕ, ಆ ಚುಕ್ಕೆ ಬಂತಂತಲ್ಲ. ಮೇರಿದು ತೋರಿಸ್ತೀರಾ?"

ಮೇರಿದು ಎಂದ. ಎಲ್ಲೋ ಒಂದು ಕಡೆ ಅವಳ ಹೆಸರಿಗೆ ಒಂದು ಗುರುತು ಬಿದ್ದಿದೆ, ಅಷ್ಟಾದರೂ ಆಗಿದೆ ಎಂದು ನಂಬಿಕೊಂಡು ಬಂದಿದ್ದ. ಪ್ರಫುಲ್ಲಾಳೂ ಅದನ್ನೇ ನಂಬಿದ್ದಳು. ಚುಕ್ಕೆಗಳು ಬಂದ ದಿನದಿಂದ ಇಡೀ ದೇಶ ನೋಡಿದ್ದಳು, ಆ ಒಂದು ತಗ್ಗನ್ನು ತೆರೆದು ನೋಡುವ ಧೈರ್ಯ ಮಾಡಿರಲಿಲ್ಲ. ಲ್ಯಾಪ್‌ಟಾಪು ಊಟದ ಮೇಜಿನ ಮೇಲಿಟ್ಟು ತೆರೆದಳು. ನಾರ್‌ಶೋಪಿಂಗ್ ಸರಿಯಿತು, ಹೈವೇ ಸರಿಯಿತು, ಕಾಡು ಬಂತು. ಎತ್ತ ನೋಡಿದರೂ ಬೂದು ಚುಕ್ಕೆ. ಅವಳು ಇನ್ನೂ ಹತ್ತಿರಕ್ಕೆ ಹೋದಳು. ಅಜ್ಜಿಯ ಮನೆ ಕಂಡಿತು. ತೆಳ್ಳನೆಯ ನೀಲಿ ಗೆರೆ ಕಂಡಿತು.

ಬಿಳಿ ಗೆರೆ ಇರಲಿಲ್ಲ. ಕುಸಿದ ರಸ್ತೆಯನ್ನು ಯಾರೂ ಮತ್ತೆ ಕಟ್ಟಿರಲಿಲ್ಲ. ರಸ್ತೆ ಇಲ್ಲವೆಂದು ಹೋಗಿ ನೋಡಿ, ಖಚಿತ ಮಾಡಿಕೊಂಡು, ನಕ್ಷೆಯಿಂದ ತೆಗೆದಿದ್ದರು. ರಸ್ತೆ ಇಲ್ಲದ ಮೇಲೆ ಹಳ್ಳ ಏನನ್ನೂ ದಾಟುವುದಿಲ್ಲ. ದಾಟದ ಕಡೆ ಕಂಪ್ಯೂಟರು ಚುಕ್ಕೆ ಇಡುವುದಿಲ್ಲ. ಆ ನಿಯಮ ಬರೆದವಳು ಅವಳೇ.

ಜಾನ್ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದ. "ಇಲ್ಲಿ ಏನೂ ಇಲ್ವಲ್ಲ ಅಕ್ಕ."

"ಖಾಲಿ ಅಂದ್ರೆ ಏನೂ ಇಲ್ಲ ಅಂತ ಅಲ್ಲ" ಎಂದು ಶುರುಮಾಡಿದಳು. ಎರಡು ವರ್ಷ ಮೇಜಿನ ಸುತ್ತ ಹೇಳಿದ ವಾಕ್ಯ. ಅರ್ಧಕ್ಕೇ ನಿಂತಿತು. ಇಲ್ಲಿ ಅದು ಸುಳ್ಳಾಗಿತ್ತು. ಇಲ್ಲಿ ಎಲ್ಲ ಗೊತ್ತಿತ್ತು, ಖಚಿತವಾಗಿ ಗೊತ್ತಿತ್ತು, ಗೊತ್ತಿದ್ದೇ ಖಾಲಿ ಬಿಟ್ಟಿದ್ದರು.

ಅಡುಗೆಮನೆಯಿಂದ ದೋಸೆಯ ಚುಯ್ ಸದ್ದು ಬಂತು. ರಿಯಾ ಏನೋ ಕೇಳಿ ನಕ್ಕಳು, ಬಹಳ ದಿನಗಳ ಮೇಲೆ. ಜಾನ್ ಬೆರಳಿನಿಂದ ಪರದೆಯ ಮೇಲಿನ ಹಸಿರನ್ನು ಒಮ್ಮೆ ಮುಟ್ಟಿದ.

"ಈಗ ಮ್ಯಾಪು ಸರಿ ಉಂಟಾ ಅಕ್ಕ?" ಎಂದು ಕೇಳಿದ.

ಪ್ರಫುಲ್ಲಾ ಇನ್ನೊಂದು ಸಲ ನೋಡಿದಳು. ಎಲ್ಲಿಯೂ ತಪ್ಪಿರಲಿಲ್ಲ.

"ಹೂಂ, ಜಾನ್," ಎಂದಳು. "ಈಗ ಸರಿ ಇದೆ."